ಸರ್ಟಿಫಿಕೇಟ್ ಇದ್ದರೆ ಸಹಿ ಅಸಲಿನಾ? ಕಾರ್ಯಪ್ಪ ಅವರ ಫೋಟೋ ಮತ್ತು ಪತ್ರ ಕೊಳ್ಳುವ ಮುಂಚೆ ಸಲಹೆ ಬೇಕು

ವಿರಾಜಪೇಟೆ_ಹುಡುಗ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹಾಕಿ ಆಟಗಾರರ ಆಟೋಗ್ರಾಫ್ ಮಾತ್ರ ಸಂಗ್ರಹಿಸುತ್ತಿದ್ದೆ. ಎಲ್ಲವೂ ಮೈದಾನದಲ್ಲಿ ನಾನೇ ಕೇಳಿ ಹಾಕಿಸಿಕೊಂಡಿದ್ದು. ದುಡ್ಡು ಕೊಟ್ಟು ಕೊಳ್ಳಲು ಹೊರಟಿರುವುದು ಇದೇ ಮೊದಲು.

ಆನ್‌ಲೈನ್‌ನಲ್ಲಿ ಒಬ್ಬರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಸಹಿ ಇರುವ ಫೋಟೋ ಮತ್ತು ಟೈಪ್ ಮಾಡಿದ ಒಂದು ಪತ್ರ, ಎರಡೂ ಸೇರಿ 18,000 ರೂಪಾಯಿ ಎನ್ನುತ್ತಿದ್ದಾರೆ. ಪತ್ರದಲ್ಲಿ 1968ರ ತಾರೀಕಿದೆ. ಹೊಳೆಯುವ ಹಾಲೋಗ್ರಾಂ ಅಂಟಿಸಿದ ಸರ್ಟಿಫಿಕೇಟ್ ಕೂಡ ಇದೆ. ನಾನು 2,000 ಅಡ್ವಾನ್ಸ್ ಹಾಕಿದ್ದೇನೆ. "ಇವತ್ತೇ ಹೇಳಿ, ಬೆಂಗಳೂರಿನ ಪಾರ್ಟಿ ಕಾಯ್ತಾ ಇದೆ" ಅಂತ ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಫೋಟೋಗಳನ್ನು ಕೆಳಗೆ ಹಾಕಿದ್ದೇನೆ. ನೋಡಿ ಹೇಳ್ತೀರಾ?

ಹಳೇಕಾಗದ_ಮಡಿಕೇರಿ
ತಮ್ಮಾ, ಮೊದಲು ಫೋನ್ ಸೈಲೆಂಟ್‌ನಲ್ಲಿಡಿ. ಇಷ್ಟು ವರ್ಷ ಉಳಿದ ಕಾಗದ ಇನ್ನೆರಡು ದಿನ ಉಳಿಯುತ್ತದೆ.

ನೀವು ಹಾಕಿರುವ ಚಿತ್ರಗಳು ಎದುರಿನಿಂದ ತೆಗೆದಿದ್ದು, ಅದೂ ಗಾಜಿನ ಫ್ರೇಮಿನ ಒಳಗೆ. ಇದನ್ನು ನೋಡಿ ಯಾರೂ ಏನೂ ಹೇಳಲು ಆಗುವುದಿಲ್ಲ. ಹೇಳಿದರೆ ನಂಬಬೇಡಿ. ಫ್ರೇಮಿನಿಂದ ಹೊರಗೆ ತೆಗೆಸಿ. ಹಿಂಭಾಗದ ಚಿತ್ರ ಬೇಕು. ಕಿಟಕಿ ಪಕ್ಕ ಇಟ್ಟು ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಬೇಕು. ಪತ್ರವಾದರೆ ಮಡಿಕೆ ಬಿದ್ದ ಜಾಗ, ಸಹಿಯ ಶುರು ಮತ್ತು ಕೊನೆ, ಇವು ಹತ್ತಿರದಿಂದ ಬೇಕು.

ಆಮೇಲೆ ಅವರಿಗೆ ಒಂದೇ ಪ್ರಶ್ನೆ ಕೇಳಿ: ಇದು ನಿಮಗೆ ಎಲ್ಲಿಂದ ಬಂತು? ಉತ್ತರವನ್ನು ಬರೆದಿಟ್ಟುಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿ.

ಪೊನ್ನಂಪೇಟೆ_ಸ್ಟಿಕ್
ಸರ್ಟಿಫಿಕೇಟ್ ಇದೆ ಅಂದ ಮೇಲೆ ಇಷ್ಟೆಲ್ಲ ಯಾಕೆ? ಅವರು ಪರೀಕ್ಷೆ ಮಾಡಿಯೇ ಕೊಟ್ಟಿರುತ್ತಾರೆ ಅಲ್ವಾ?

ಹಳೇಕಾಗದ_ಮಡಿಕೇರಿ
ಕೊಟ್ಟವರು ಯಾರು? ಚಿತ್ರ ದೊಡ್ಡದು ಮಾಡಿ ನೋಡಿ. ಮಾರುವವರೇ ಸರ್ಟಿಫಿಕೇಟಿಗೂ ಸಹಿ ಹಾಕಿದ್ದಾರೆ. ಕಾಫಿ ಕೊಳ್ಳುವ ವ್ಯಾಪಾರಿ ಚೀಲದ ಮೇಲಿನ ಚೀಟಿ ಓದಿ ರೇಟು ಹೇಳುತ್ತಾನಾ? ಬೀಜ ಕಚ್ಚಿ ನೋಡುತ್ತಾನೆ ತಾನೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಒಂದು ತನಿಖೆ ಮಾಡಿತು. ಬೇಸ್‌ಬಾಲ್ ಆಟಗಾರರ ಸಹಿ ಬರೆಯುವುದನ್ನೇ ಕಸುಬು ಮಾಡಿಕೊಂಡ ದೊಡ್ಡ ಜಾಲ ಸಿಕ್ಕಿಬಿತ್ತು. ಆ ನಕಲಿ ಸಹಿಗಳ ಜೊತೆಗೂ ಸರ್ಟಿಫಿಕೇಟ್ ಹೋಗುತ್ತಿತ್ತು. ಸರ್ಟಿಫಿಕೇಟ್ ಇದೆ ಅಂತಲೇ ಜನ ಧೈರ್ಯವಾಗಿ ಕೊಂಡರು.

ಪಿಎಸ್‌ಎ, ಜೆಎಸ್‌ಎ, ಬೆಕೆಟ್ ತರಹದ, ಸಹಿ ಪರೀಕ್ಷಿಸಿ ಹೇಳುವ ಅಮೆರಿಕದ ಕಂಪನಿಗಳ ಮಾತು ಬೇರೆ. ಅವರಿಗೆ ಮಾರಾಟದ ಲಾಭ ಇಲ್ಲ. ಆದರೆ ಅವರ ಸ್ಟಿಕ್ಕರನ್ನೂ ನಕಲು ಮಾಡುತ್ತಾರೆ. ಸ್ಟಿಕ್ಕರಿನ ನಂಬರನ್ನು ಆ ಕಂಪನಿಯ ಸೈಟಿನಲ್ಲಿ ನಾವೇ ಹಾಕಿ ನೋಡಬೇಕು. ಅಲ್ಲಿ ಬರುವ ವಿವರ, ಚಿತ್ರ ನಿಮ್ಮ ಕೈಯಲ್ಲಿರುವ ವಸ್ತುವಿನದ್ದೇ ಇರಬೇಕು. ಅಷ್ಟಾದರೂ ಅದು ಒಂದು ಅಭಿಪ್ರಾಯ, ಕೋರ್ಟ್ ತೀರ್ಪಲ್ಲ.

ನಿರ್ವಾಹಕ
ಮೂಲ ಪೋಸ್ಟಿನಲ್ಲಿದ್ದ ಮಾರಾಟಗಾರರ ಹೆಸರು, ಫೋನ್ ನಂಬರ್ ತೆಗೆದಿದ್ದೇನೆ. ವಸ್ತುವಿನ ಬಗ್ಗೆ ಮಾತಾಡಿ. ವ್ಯಕ್ತಿಯ ಹೆಸರು ಹಿಡಿದು ಬೇಡ.

ವಿರಾಜಪೇಟೆ_ಹುಡುಗ
ಹೊಸ ಚಿತ್ರ ಕಳಿಸಿದ್ದಾರೆ, ಹಾಕಿದ್ದೇನೆ. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ "ಪುಣೆಯ ಒಂದು ಮಿಲಿಟರಿ ಕುಟುಂಬದಿಂದ" ಅಂದರು. ಫ್ರೇಮ್ ಬಿಚ್ಚಲು ಸ್ವಲ್ಪ ಗೊಣಗಿದರು.

ಅಂಚೆಪೆಟ್ಟಿಗೆ
ನಾನು ಸ್ಟಾಂಪ್ ಸಂಗ್ರಹಿಸುವವನು. ಸಹಿ ನನಗೆ ತಿಳಿಯುವುದಿಲ್ಲ, ಹಾಗಾಗಿ ಸಹಿ ನೋಡಲೇ ಇಲ್ಲ. ಪತ್ರದ ತಲೆಯಲ್ಲಿ ಅಚ್ಚಾದ ವಿಳಾಸ ಮಾತ್ರ ನೋಡಿದೆ. ಅದರಲ್ಲಿ ಮಡಿಕೇರಿಯ ಮುಂದೆ 571201 ಅಂತ ಇದೆ.

ಪಿನ್ ಕೋಡ್ ಜಾರಿಗೆ ಬಂದಿದ್ದು 1972ರ ಆಗಸ್ಟ್ 15ರಂದು. ಪತ್ರ 1968ರದ್ದು.

ಪೊನ್ನಂಪೇಟೆ_ಸ್ಟಿಕ್
ಅಯ್ಯೋ! 😀

ಸುಂಟಿಕೊಪ್ಪ_ಮೇಷ್ಟ್ರು
ಶಹಬ್ಬಾಸ್ ಅಂಚೆಯವರೇ. ಆದರೂ ಒಂದು ಅನುಮಾನ. ಆಮೇಲೆ ಅಚ್ಚು ಹಾಕಿಸಿದ ಕಾಗದದಲ್ಲಿ ತಾರೀಕು ತಪ್ಪಾಗಿ ಟೈಪ್ ಆಗಿರಬಹುದಲ್ವಾ? 78 ಬದಲು 68?

ಅಂಚೆಪೆಟ್ಟಿಗೆ
ಆಗಬಹುದು ಮೇಷ್ಟ್ರೇ, ಒಪ್ಪಿದೆ. ಆದರೆ ಪತ್ರದ ಒಳಗೆ "ನಿವೃತ್ತನಾಗಿ 15 ವರ್ಷವಾಯಿತು" ಎಂಬ ಅರ್ಥದ ಸಾಲಿದೆ. ಅವರು ಸೇನೆಯಿಂದ ನಿವೃತ್ತರಾಗಿದ್ದು 1953ರಲ್ಲಿ. ಲೆಕ್ಕ 1968ಕ್ಕೇ ಕೂಡುತ್ತದೆ. ಬರೆದವನಿಗೆ ಇಸವಿ ಚೆನ್ನಾಗಿ ಗೊತ್ತಿತ್ತು, ಅಂಚೆ ಇಲಾಖೆ ಗೊತ್ತಿರಲಿಲ್ಲ.

ಇಂಥ ಕಾಲದ ಎಡವಟ್ಟು ತುಂಬಾ ಸಿಗುತ್ತವೆ. 1973ರ ನವೆಂಬರ್ 1ಕ್ಕೆ ಮುಂಚೆ ನಮ್ಮದು ಮೈಸೂರು ರಾಜ್ಯ, ಕರ್ನಾಟಕ ಅಲ್ಲ. 1956ರ ನವೆಂಬರ್‌ಗೆ ಮುಂಚೆ ಕೊಡಗೇ ಬೇರೆ ರಾಜ್ಯ. ಕಾರ್ಯಪ್ಪ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದಿದ್ದು 1986ರಲ್ಲಿ. ಅದಕ್ಕೂ ಮುಂಚಿನ ತಾರೀಕಿನ ಸಹಿಯ ಕೆಳಗೆ ಆ ಪದವಿ ಇದ್ದರೆ ನಗು ಬರುತ್ತದೆ.

ಸ್ಟಾಂಪಿನವರಿಗೂ ಇದೇ ಕಾಟ. ಕಾರ್ಯಪ್ಪ ಅವರ ಅಂಚೆಚೀಟಿ ಹೊರಬಂದಿದ್ದು 1995ರಲ್ಲಿ, ಅವರು ತೀರಿಕೊಂಡಿದ್ದು 1993ರಲ್ಲಿ. ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ತೀರಿಕೊಂಡಿದ್ದು 1965ರ ಡಿಸೆಂಬರ್‌ನಲ್ಲಿ, ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿದ್ದು 1966ರಲ್ಲಿ. ಈ ಚೀಟಿಗಳಿರುವ ಲಕೋಟೆಯ ಮೇಲೆ ಅವರದೇ ಸಹಿ ಇದೆ ಅಂತ ಯಾರಾದರೂ ತಂದರೆ ಕಾಫಿ ಕುಡಿಸಿ ಕಳಿಸಿ.

ಕುಶಾಲನಗರ_ಪ್ರೆಸ್
ನಮ್ಮದು ಪ್ರಿಂಟಿಂಗ್ ಮನೆತನ. ಪತ್ರದ ಓರೆ ಬೆಳಕಿನ ಚಿತ್ರ ನೋಡಿದೆ. ಟೈಪ್‌ರೈಟರ್ ಅಚ್ಚು ಕಾಗದಕ್ಕೆ ಹೊಡೆಯುತ್ತದೆ. ಪೂರ್ಣವಿರಾಮ ಇದ್ದ ಕಡೆ ಕೆಲವು ಸಲ ತೂತೇ ಬೀಳುತ್ತದೆ. ಹಿಂದೆ ಬೆರಳಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಇದರ ಹಿಂಭಾಗ ನೋಡಿ, ಗಾಜಿನ ಹಾಗೆ ನುಣ್ಣಗಿದೆ.

ಇನ್ನೊಂದು. ಇಂಗ್ಲಿಷ್ 'ಇ' ಅಕ್ಷರವನ್ನು ಪತ್ರದಲ್ಲಿ ಎಲ್ಲಿ ಬೇಕಾದರೂ ಹಿಡಿದು ನೋಡಿ. ಎಲ್ಲವೂ ಒಂದೇ ಕಪ್ಪು, ಒಂದೇ ಅಂಚು. ನಿಜವಾದ ಟೈಪಿಂಗ್‌ನಲ್ಲಿ ರಿಬ್ಬನ್ ಒಣಗಿದ ಕಡೆ ತೆಳು, ಬೆರಳು ಜೋರಾಗಿ ಬಿದ್ದ ಕಡೆ ದಪ್ಪ, ಒಂದು ಅಕ್ಷರವಾದರೂ ಸ್ವಲ್ಪ ಕೆಳಗೆ ಜಾರಿರುತ್ತದೆ. ಇದು ಟೈಪ್‌ರೈಟರ್ ತರಹ ಕಾಣುವ ಫಾಂಟು, ಲೇಸರ್ ಪ್ರಿಂಟು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟರೆ ಅಕ್ಷರದ ಸುತ್ತ ಟೋನರಿನ ಸಣ್ಣ ಪುಡಿ ಚುಕ್ಕೆ ಕಾಣುತ್ತದೆ.

ಕಾಗದಕ್ಕೆ ಕಂದು ಬಣ್ಣ ಬರಿಸಿದ್ದಾರೆ. ಡಿಕಾಕ್ಷನ್‌ನಲ್ಲೇ ಅದ್ದಿರಬೇಕು! ಹಳೆಯ ಕಾಗದ ಅಂಚಿನಿಂದ ಒಳಕ್ಕೆ ಹಳದಿಯಾಗುತ್ತಾ ಬರುತ್ತದೆ. ಮಡಿಚಿಟ್ಟ ಒಳಭಾಗ ಬೆಳ್ಳಗೆ ಉಳಿದಿರುತ್ತದೆ. ಇದು ಒಳಗೂ ಹೊರಗೂ ಒಂದೇ ಸಮ.

ವಿರಾಜಪೇಟೆ_ಹುಡುಗ
ಪತ್ರದ ಕಥೆ ಮುಗಿಯಿತು ಅನ್ನಿ. ಫೋಟೋ? ಅದರ ಮೇಲಿನ ಸಹಿ ನೋಡಿದರೆ ಇಂಕ್ ಪೆನ್ನಿನದೇ ಅನಿಸುತ್ತದೆ. ಫೋಟೋ ಅಸಲಿ, ಪತ್ರ ಮಾತ್ರ ಬೆಲೆ ಏರಿಸಲು ಆಮೇಲೆ ಸೇರಿಸಿದ್ದು, ಹೀಗೂ ಇರಬಹುದಲ್ವಾ?

ಹಳೇಕಾಗದ_ಮಡಿಕೇರಿ
ಇರಬಹುದು. ಒಳ್ಳೆಯ ವಸ್ತುವಿನ ಪಕ್ಕ ಕೆಟ್ಟ ದಾಖಲೆ ಇಡುವುದೂ ಉಂಟು. ಫೋಟೋವನ್ನು ಬೇರೆಯಾಗಿಯೇ ನೋಡೋಣ.

ಓರೆ ಬೆಳಕಿನಲ್ಲಿ ಸಹಿಯ ಗೆರೆ ಫೋಟೋದ ಹೊಳಪಿನ ಮೇಲೆ ಬೇರೆಯಾಗಿ ಕೂತಿದೆ. ಹಾಗಾಗಿ ಅಚ್ಚಾದ ಸಹಿ ಅಲ್ಲ, ಪೆನ್ನಿನದು. ಅಲ್ಲಿಗೆ ಒಂದು ಅನುಮಾನ ಹೋಯಿತು. ಆದರೆ ಗೆರೆ ನೋಡಿ. ಸಹಿ ಎಂದರೆ ಕೈಗೆ ರೂಢಿಯಾದ ಓಟ. ಪೆನ್ನು ಕಾಗದ ಮುಟ್ಟುವ ಮೊದಲೇ ಕೈ ಚಲಿಸುತ್ತಿರುತ್ತದೆ, ಎತ್ತಿದ ಮೇಲೂ ಚಲಿಸುತ್ತದೆ. ಅದಕ್ಕೇ ಶುರು ಮತ್ತು ಕೊನೆ ಚೂಪಾಗಿ ಸಣ್ಣದಾಗುತ್ತವೆ. ಈ ಸಹಿಯಲ್ಲಿ ಎರಡೂ ಕಡೆ ಮೊಂಡು. ನಡುವೆ ದೊಡ್ಡ ತಿರುವಿನಲ್ಲಿ ಒಂದು ಕಡೆ ಪೆನ್ನು ನಿಂತು, ಶಾಯಿ ಗುಡ್ಡೆಯಾಗಿ, ಮತ್ತೆ ಹೊರಟಿದೆ. ಯಾರೂ ತಮ್ಮ ಸಹಿ ಹಾಕುವಾಗ ಮುಂದಿನ ತಿರುವು ಯಾವುದು ಅಂತ ಯೋಚಿಸುವುದಿಲ್ಲ.

ಹಾಗಂತ ನಡುಕ ಇದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ. ಕಾರ್ಯಪ್ಪ ಅವರು 94 ವರ್ಷ ಬದುಕಿದವರು. ಐವತ್ತರ ಕೈ ಎಂಬತ್ತೈದರಲ್ಲಿ ಯಾರಿಗೂ ಇರುವುದಿಲ್ಲ. ವಯಸ್ಸಿನ ನಡುಕ ಗೆರೆಯುದ್ದಕ್ಕೂ ಇರುತ್ತದೆ, ಆದರೆ ಓಟ ನಿಲ್ಲುವುದಿಲ್ಲ. ಹಾಗಾಗಿ ಹೋಲಿಸಿ ನೋಡುವಾಗ ಅದೇ ಕಾಲದ ಸಹಿಯ ಜೊತೆಗೇ ಹೋಲಿಸಬೇಕು. ಅದೂ ಗೂಗಲ್‌ನಲ್ಲಿ ಸಿಕ್ಕಿದ ಚಿತ್ರದ ಜೊತೆ ಅಲ್ಲ. ಅದರಲ್ಲಿ ಅರ್ಧ ಮಾರಾಟದ ಸೈಟುಗಳದ್ದು. ನಕಲಿಯನ್ನು ನಕಲಿಗೆ ಹೋಲಿಸಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ. ಅವರಿಂದ ನೇರವಾಗಿ ಪತ್ರ ಪಡೆದ ಮನೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಅಂಥ ಕಡೆ ಕೇಳಿ ನೋಡಿ.

ನನ್ನ ಅಭಿಪ್ರಾಯ: ಕೊಳ್ಳಬೇಡಿ. ಮೊಂಡು ತುದಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಪತ್ರ ಕಂಡ ಮೇಲೆ ಆ ಕೈಯಿಂದ ಬರುವ ಯಾವುದನ್ನೂ ನಾನು ಮುಟ್ಟುವುದಿಲ್ಲ.

ವಿರಾಜಪೇಟೆ_ಹುಡುಗ
ಎಲ್ಲಿಂದ ಬಂತು ಅಂತ ಮತ್ತೆ ಕೇಳಿದೆ ಸರ್. ಈ ಸಲ "ಮಂಗಳೂರಿನ ಗುಜರಿಯಲ್ಲಿ ಸಿಕ್ಕಿತು" ಅಂದರು.

ಪೊನ್ನಂಪೇಟೆ_ಸ್ಟಿಕ್
ಪುಣೆಯ ಕುಟುಂಬ ಮಂಗಳೂರಿಗೆ ಮನೆ ಬದಲಾಯಿಸಿರಬೇಕು 😂

ಸರಿ, ನನ್ನದೂ ಒಂದು ಪ್ರಶ್ನೆ. ಕೊಡವ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತಲ್ಲ, ಹೆಚ್ಚುಕಮ್ಮಿ ಆಗಿನಿಂದ ಸಹಿ ಹಾಕಿಸಿಕೊಂಡ ಸ್ಟಿಕ್ಕುಗಳು ನಮ್ಮ ಮನೆಯಲ್ಲಿವೆ. ಒಂದರ ಮೇಲೆ ಇಡೀ ತಂಡದ ಸಹಿ ಇದೆ. ಅದನ್ನು ಮಾತ್ರ ನಾನು ಹಾಕಿಸಿದ್ದಲ್ಲ. ಒಳಗೆ ಕೊಟ್ಟು ಕಳಿಸಿದ್ದೆವು, ಅರ್ಧ ಗಂಟೆಯಲ್ಲಿ ತುಂಬಿ ಬಂತು. ಅದನ್ನು ನಂಬಬಹುದಾ?

ಹಳೇಕಾಗದ_ಮಡಿಕೇರಿ
ಒಂದೇ ಪೆನ್ನು ಇರುವುದು ಸಹಜ, ಕೈ ಬೇರೆ ಬೇರೆ ಇದೆಯಾ ನೋಡಿ. ತಂಡದ ಸಹಾಯಕನೇ ಎಲ್ಲರ ಸಹಿ ಹಾಕಿ ಕಳಿಸುವುದು ಹಳೆಯ ರೂಢಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದಕ್ಕೆ 'ಕ್ಲಬ್‌ಹೌಸ್ ಸಹಿ' ಅಂತ ಹೆಸರೇ ಇದೆ. ಮೋಸ ಮಾಡುವ ಉದ್ದೇಶ ಇರುವುದಿಲ್ಲ, ಮಕ್ಕಳಿಗೆ ಬೇಜಾರಾಗಬಾರದು ಅಂತ ಅಷ್ಟೇ. ಸಹಿಗಳ ಓರೆ ಎಲ್ಲ ಒಂದೇ ಕಡೆ, ಅಕ್ಷರಗಳ ಎತ್ತರ ಒಂದೇ ಅಳತೆ, ಒಂದರ ಮೇಲೊಂದು ಬೀಳದಂತೆ ಸಾಲಾಗಿ ಕೂತಿದ್ದರೆ ಅನುಮಾನ ಪಡಬಹುದು. ಹನ್ನೊಂದು ಜನ ಹಾಕಿದರೆ ಒಬ್ಬನಾದರೂ ಇನ್ನೊಬ್ಬನ ಜಾಗಕ್ಕೆ ನುಗ್ಗಿರುತ್ತಾನೆ.

ಮುಂದೆ ಹಾಕಿಸಿಕೊಳ್ಳುವಾಗ ಫೋಟೋ ತೆಗೆಯಿರಿ. ಆಟಗಾರನ ಮುಖಕ್ಕಿಂತ ಪೆನ್ನು ಸ್ಟಿಕ್ಕಿಗೆ ತಾಗಿರುವುದು, ಸ್ಟಿಕ್ಕಿನ ಮೇಲಿರುವ ಯಾವುದಾದರೂ ಗೀರು ಕಾಣಬೇಕು. ಆ ಗೀರು ಇದ್ದರೆ ಮುಂದೆ ಆ ಫೋಟೋ ಈ ಸ್ಟಿಕ್ಕಿನದೇ ಅಂತ ತೋರಿಸಬಹುದು. ಬರೀ ಸೆಲ್ಫಿಯಿಂದ ನೀವು ಅವರನ್ನು ಭೇಟಿಯಾಗಿದ್ದು ಗೊತ್ತಾಗುತ್ತದೆ, ಅಷ್ಟೇ.

ಸುಂಟಿಕೊಪ್ಪ_ಮೇಷ್ಟ್ರು
ನಮ್ಮ ತಂದೆ ಚಂದ್ರನ ಮೇಲೆ ಮನುಷ್ಯ ಇಳಿದ ಸಂಭ್ರಮದಲ್ಲಿ ನಾಸಾಗೆ ಪತ್ರ ಬರೆದಿದ್ದರು. ಕೆಲವು ತಿಂಗಳಾದ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ಸಹಿ ಇರುವ ಬಣ್ಣದ ಫೋಟೋ ಬಂತು. ಊರಿನವರೆಲ್ಲ ಬಂದು ನೋಡಿದ್ದರಂತೆ. ಲಕೋಟೆಯೂ ಇದೆ. ಮಾರುವುದಿಲ್ಲ, ಸುಮ್ನೆ ಕುತೂಹಲ. ಬಂದ ದಾರಿ ಇಷ್ಟು ಚೊಕ್ಕವಾಗಿದೆ, ಅಸಲಿ ಅನ್ನಬಹುದಾ?

ಹಳೇಕಾಗದ_ಮಡಿಕೇರಿ
ಮೇಷ್ಟ್ರೇ, ಫೋಟೋ ನಾಸಾದಿಂದಲೇ ಬಂದಿದೆ, ಅದರಲ್ಲಿ ಅನುಮಾನ ಇಲ್ಲ. ಸಹಿ ಮಾತ್ರ ಬೇರೆ ವಿಷಯ. ಆಗ ನಾಸಾಗೆ ಬರುತ್ತಿದ್ದ ಪತ್ರಗಳ ರಾಶಿಗೆ ಗಗನಯಾತ್ರಿಗಳು ಕೂತು ಉತ್ತರ ಬರೆಯಲು ಸಾಧ್ಯವೇ ಇರಲಿಲ್ಲ. 'ಆಟೋಪೆನ್' ಎಂಬ ಯಂತ್ರ ಬಳಸುತ್ತಿದ್ದರು. ಒಬ್ಬರ ಸಹಿಯ ಅಚ್ಚನ್ನು ಅದಕ್ಕೆ ಹಾಕಿದರೆ ನಿಜವಾದ ಪೆನ್ನು ಹಿಡಿದು ಅದೇ ಸಹಿ ಹಾಕುತ್ತದೆ. ಶಾಯಿ ಅಸಲಿ, ಕೈ ಮಾತ್ರ ಇಲ್ಲ.

ಕಂಡುಹಿಡಿಯುವುದು ಸುಲಭ. ಮನುಷ್ಯ ಎರಡು ಸಲ ಒಂದೇ ತರಹ ಸಹಿ ಹಾಕುವುದಿಲ್ಲ, ಯಂತ್ರ ಹಾಕುತ್ತದೆ. ಆರ್ಮ್‌ಸ್ಟ್ರಾಂಗ್ ಅವರ ಆಟೋಪೆನ್ ನಮೂನೆಗಳನ್ನು ಸಂಗ್ರಾಹಕರು ಪಟ್ಟಿ ಮಾಡಿಟ್ಟಿದ್ದಾರೆ. ನಿಮ್ಮದನ್ನು ಅದೇ ಅಳತೆಗೆ ತಂದು ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗೆ ಗೆರೆ ಕೂತರೆ ಯಂತ್ರದ್ದು. ಹಗುರ ಭಾರ ಇಲ್ಲದೆ ಗೆರೆಯುದ್ದಕ್ಕೂ ಒಂದೇ ಒತ್ತಡ, ತುದಿಯಲ್ಲಿ ಚುಕ್ಕೆ, ಇವೂ ಗುರುತು. ಅವರು 1994ರಿಂದ ಸಹಿ ಕೊಡುವುದನ್ನೇ ನಿಲ್ಲಿಸಿದರು. ಕೊಟ್ಟಿದ್ದನ್ನೆಲ್ಲ ಜನ ಮಾರಿಕೊಳ್ಳುತ್ತಿದ್ದಾರೆ ಅಂತ ಬೇಸರ.

ಸುಂಟಿಕೊಪ್ಪ_ಮೇಷ್ಟ್ರು
ಮಗನ ಕೈಲಿ ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದೆವು. ಕೂದಲೆಳೆಯೂ ಆಚೀಚೆ ಇಲ್ಲ. ಯಂತ್ರದ್ದೇ! ಫೋಟೋ ಗೋಡೆ ಮೇಲೆ ಇದ್ದಲ್ಲೇ ಇರುತ್ತದೆ ಬಿಡಿ. ಹಿಂದೆ ಒಂದು ಚೀಟಿಯಲ್ಲಿ 'ಆಟೋಪೆನ್' ಅಂತ ಬರೆದು ಸಿಕ್ಕಿಸಿದ್ದೇನೆ. ನಾಳೆ ಮೊಮ್ಮಕ್ಕಳು ಲಕ್ಷ ಲಕ್ಷ ಅಂತ ಯಾರನ್ನೂ ನಂಬಿಸಬಾರದು.

ಕಾಫಿಹೂ
ನಾನು ಸೋಮವಾರಪೇಟೆ ಕಡೆಯವಳು. ಇದನ್ನೆಲ್ಲ ಓದಿ ಭಯದಲ್ಲೇ ಕೇಳುತ್ತಿದ್ದೇನೆ. ನಮ್ಮ ಅಜ್ಜನ ಆಟೋಗ್ರಾಫ್ ಪುಸ್ತಕದಲ್ಲಿ ಗಾಂಧೀಜಿ ಸಹಿ ಇದೆ. 1934ರ ಫೆಬ್ರವರಿಯಲ್ಲಿ ಅವರು ಹರಿಜನ ಪ್ರವಾಸದಲ್ಲಿ ಕೊಡಗಿಗೆ ಬಂದಾಗ ಹಾಕಿಸಿಕೊಂಡಿದ್ದು ಅಂತ ಅಜ್ಜ ಹೇಳುತ್ತಿದ್ದರು. ಅಜ್ಜ ಆಗ ಸ್ಕೂಲಿನ ಹುಡುಗ. ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಏನೂ ಇಲ್ಲ. ಆ ಹಾಳೆಯನ್ನು ಬಿಡಿಸಿ ಫ್ರೇಮ್ ಹಾಕಿಸೋಣ ಅಂತ ತಮ್ಮ ಹೇಳುತ್ತಿದ್ದಾನೆ.

ಹಳೇಕಾಗದ_ಮಡಿಕೇರಿ
ಅಕ್ಕಾ, ಹಾಳೆ ಕೀಳಬೇಡಿ!! ತಮ್ಮನ ಕೈಗೆ ಪುಸ್ತಕ ಕೊಡಲೇಬೇಡಿ. ಆ ಹಾಳೆಯ ಬೆಲೆ ಇರುವುದು ಅದರ ಹಿಂದೆ ಮುಂದೆ ಇರುವ ಹಾಳೆಗಳಿಂದ. ಮೇಷ್ಟ್ರುಗಳು, ಗೆಳೆಯರು ತಾರೀಕು ಹಾಕಿ ಬರೆದಿರುತ್ತಾರೆ. ಶಾಯಿ ಎದುರಿನ ಹಾಳೆಗೆ ಮಸುಕಾಗಿ ಅಂಟಿರುತ್ತದೆ. ಅದನ್ನೆಲ್ಲ ಯಾರೂ ಕೂತು ಸೃಷ್ಟಿ ಮಾಡುವುದಿಲ್ಲ. ಕಿತ್ತರೆ ಅದು ಇನ್ನೊಂದು ಬಿಡಿ ಕಾಗದ.

ಎರಡು ಪರೀಕ್ಷೆ ಮನೆಯಲ್ಲೇ ಮಾಡಿ. ಬರೆದಿರುವುದು ಶಾಯಿ ಪೆನ್ನಿನಲ್ಲಾ, ಬಾಲ್‌ಪೆನ್ನಿನಲ್ಲಾ? ಬಾಲ್‌ಪೆನ್ ಮಾರುಕಟ್ಟೆಗೆ ಬಂದಿದ್ದು 1940ರ ದಶಕದಲ್ಲಿ. ಇನ್ನೊಂದು, ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಾಳೆ ಮೇಲೆ ಬಿಡಿ. ಈಗಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪು ಬರಿಸುವ ರಾಸಾಯನಿಕ ಕಾಗದಕ್ಕೆ ಸೇರಲು ಶುರುವಾಗಿದ್ದು ಎರಡನೇ ಮಹಾಯುದ್ಧದ ನಂತರ. 1934ರ ಹಾಳೆ ಮಂಕಾಗಿಯೇ ಇರಬೇಕು.

ಅಂಚೆಪೆಟ್ಟಿಗೆ
ಗಾಂಧೀಜಿ ಸುಮ್ನೆ ಸಹಿ ಕೊಡುತ್ತಿರಲಿಲ್ಲ, ಹರಿಜನ ನಿಧಿಗೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಕೊಡಗಿನ ಗೌರಮ್ಮ ತಮ್ಮ ಒಡವೆಗಳನ್ನು ಆ ನಿಧಿಗೆ ಕೊಟ್ಟಿದ್ದೂ ಅದೇ ಭೇಟಿಯಲ್ಲಿ. 1934ರಲ್ಲಿ ಸ್ಕೂಲ್ ಹುಡುಗನ ಕೈಗೆ ಐದು ರೂಪಾಯಿ ಹೇಗೆ ಬಂತು? ತಪ್ಪು ತಿಳಿಯಬೇಡಿ ಅಕ್ಕಾ, ಹೊರಗಿನವರು ಮೊದಲು ಕೇಳುವುದು ಇದನ್ನೇ.

ಕಾಫಿಹೂ
ತಪ್ಪೇನಿಲ್ಲ. ಬರೆದಿರುವುದು ಶಾಯಿಯಲ್ಲಿ. ಟಾರ್ಚ್ ಬಿಟ್ಟೆ, ಹಾಳೆ ಹೊಳೆಯಲಿಲ್ಲ. ನಿಮ್ಮ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದೆ. ಅವರು ಅಟ್ಟದಿಂದ ಮುತ್ತಜ್ಜನ ತೋಟದ ಲೆಕ್ಕದ ಪುಸ್ತಕ ಇಳಿಸಿದರು. ಅರ್ಧ ಹುಳ ತಿಂದಿದೆ. ಆ ವರ್ಷದ ಫೆಬ್ರವರಿ ಪುಟದಲ್ಲಿ ಆಳುಗಳ ಕೂಲಿ, ಗೊಬ್ಬರದ ಗಾಡಿ ಬಾಡಿಗೆ ಇವುಗಳ ನಡುವೆ ಒಂದು ಸಾಲು: "ಹರಿಜನ ಫಂಡು ಬಾಬ್ತು 5-0-0".

ಅಂಚೆಪೆಟ್ಟಿಗೆ
ರೂಪಾಯಿ, ಆಣೆ, ಪೈ. ಮೈ ಜುಮ್ ಅಂತು.

ಸುಂಟಿಕೊಪ್ಪ_ಮೇಷ್ಟ್ರು
ನನಗೂ ಖುಷಿಯಾಯಿತು. ಆದರೂ ಮೇಷ್ಟ್ರ ಬುದ್ಧಿ ಬಿಡುವುದಿಲ್ಲ. ಆ ಸಾಲಿನಿಂದ ಐದು ರೂಪಾಯಿ ಕೊಟ್ಟಿದ್ದು ಗೊತ್ತಾಯಿತು. ಈ ಹಾಳೆಯ ಮೇಲಿನ ಸಹಿ ಅವರದೇ ಅಂತ ಆ ಸಾಲು ಹೇಳುವುದಿಲ್ಲ.

ಹಳೇಕಾಗದ_ಮಡಿಕೇರಿ
ಸರಿ ಮೇಷ್ಟ್ರೇ. ಆದರೆ ಸಹಿ, ಹಾಳೆ, ಲೆಕ್ಕದ ಪುಸ್ತಕ, ಬಾಯಿಮಾತು ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಇನ್ನು ಅಕ್ಷರ ಬಲ್ಲವರು ನೋಡುವುದು ಉಳಿದಿದೆ. ಗಾಂಧೀಜಿ ಬಲಗೈ ಸೋತಾಗ ಎಡಗೈಯಲ್ಲೂ ಬರೆಯುತ್ತಿದ್ದವರು. ಅದು ತಿಳಿಯದವರು ಒಂದೇ ಮಾದರಿ ಇಟ್ಟುಕೊಂಡು ಇಲ್ಲ ಅಂದುಬಿಡುತ್ತಾರೆ.

ಕಾಫಿಹೂ
ಅಮೆರಿಕದ ಕಂಪನಿಗೆ ಕಳಿಸಿದರೆ ನೋಡಿ ಹೇಳುತ್ತಾರಾ? ಇಲ್ಲಿ ಬರೆದ ಮೇಲೆ ಇಬ್ಬರು ಖಾಸಗಿಯಾಗಿ ಮೆಸೇಜ್ ಮಾಡಿ ರೇಟು ಕೇಳಿದ್ದಾರೆ. ಒಬ್ಬರು "ನಾವೇ ಕಳಿಸಿ ಕೊಡುತ್ತೇವೆ" ಅಂದರು.

ಮೈಸೂರು_ಕರಿಕೋಟು
ವಕೀಲನಾಗಿ ಹೇಳುತ್ತೇನೆ, ದಯವಿಟ್ಟು ಕಳಿಸಬೇಡಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಲ್ಲಿ ಬೇರೆ ವಸ್ತುಗಳಿಗೆ 100 ವರ್ಷ, ಆದರೆ ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಆದರೆ ಸಾಕು. ನಿಮ್ಮದು 90 ದಾಟಿದೆ. ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಪರೀಕ್ಷೆಗೆ ಅಂತ ಕೊರಿಯರ್ ಮಾಡಿದರೂ ತೊಂದರೆಯೇ. ಸ್ಕ್ಯಾನ್ ಕಳಿಸಿ, ಅಸಲು ಮನೆಯಲ್ಲಿರಲಿ.

ವಿರಾಜಪೇಟೆಯವರಿಗೆ: ಅಡ್ವಾನ್ಸ್ ಯುಪಿಐನಲ್ಲಿ ಹಾಕಿದ್ದರೆ ಸ್ಕ್ರೀನ್‌ಶಾಟ್, ಚಾಟ್, ಎರಡು ಕಥೆಗಳ ಆಡಿಯೋ ಎಲ್ಲ ಜೋಪಾನ ಮಾಡಿ. ವಾಪಸ್ ಕೊಡದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಂ, ಖೊಟ್ಟಿ ದಾಖಲೆಗೆ 336ನೇ ಕಲಂ ಇದೆ.

ವಿರಾಜಪೇಟೆ_ಹುಡುಗ
ಪಿನ್ ಕೋಡ್ ವಿಷಯ ಬರೆದು ಕಳಿಸಿದೆ. ಮೊದಲು "ನಿಮಗೆ ಬೇಡದಿದ್ದರೆ ಬಿಡಿ" ಅಂದರು. ವಕೀಲರು ಹೇಳಿದ ಎರಡು ಕಲಂ ನಂಬರ್ ಹಾಕಿದ ಮೇಲೆ ಸಾವಿರ ಬಂತು. ಉಳಿದ ಸಾವಿರ ಸೋಮವಾರ ಅಂತೆ. ನೋಡೋಣ.

ಹಳೇಕಾಗದ ಸರ್, ಹಾಗಾದರೆ ಯಾರಿಂದ ಕೊಳ್ಳುವುದು? ಯಾರನ್ನೂ ನಂಬಬಾರದು ಅಂದರೆ ಸಂಗ್ರಹ ಮಾಡುವುದು ಹೇಗೆ?

ಹಳೇಕಾಗದ_ಮಡಿಕೇರಿ
ನಂಬಬಾರದು ಅಂತ ಯಾರು ಹೇಳಿದರು? ನಾನು ಕೊಳ್ಳುವುದು ಮೂರ್ನಾಲ್ಕು ಜನರಿಂದ ಮಾತ್ರ. ಅವರಲ್ಲಿ ಒಬ್ಬರು ನಾನು ಕೇಳದಿದ್ದರೂ "ಇದರ ಹಿಂದೆ ಒಂದು ಕಲೆ ಇದೆ, ಚಿತ್ರದಲ್ಲಿ ಕಾಣುತ್ತಿಲ್ಲ" ಅಂತ ತಾವೇ ಫೋನ್ ಮಾಡಿದ್ದರು. ಇನ್ನೊಬ್ಬರು ಮಾರಿದ ಪತ್ರವೊಂದು ವರ್ಷಗಳಾದ ಮೇಲೆ ಸೆಕ್ರೆಟರಿ ಹಾಕಿದ ಸಹಿ ಅಂತ ಗೊತ್ತಾಯಿತು. ಮಾತಿಲ್ಲದೆ ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಅವತ್ತಿನಿಂದ ಅವರ ಹತ್ತಿರ ಜಾಸ್ತಿ ಕೊಳ್ಳುತ್ತಿದ್ದೇನೆ.

ಮೊದಲು ಐನೂರು, ಸಾವಿರದ್ದು ಏನಾದರೂ ಕೊಳ್ಳಿ. ಹೆಸರು, ವಿಳಾಸ ಇರುವ ಬಿಲ್ ಕೇಳಿ. ಅದರಲ್ಲಿ "ಅಸಲಿ ಅಲ್ಲವೆಂದು ಕಂಡುಬಂದರೆ ವಾಪಸ್" ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಅಲ್ಲಿಗೆ ನಿಲ್ಲಿಸಿ. ಕಮ್ಮಿ ರೇಟಿಗೆ ಕುಣಿಯಬೇಡಿ. ನೀವು ಮಾರುವಾಗಲೂ ಅಷ್ಟೇ, ಅನುಮಾನ ಇದ್ದರೆ ಅನುಮಾನ ಅಂತಲೇ ಬರೆದು ಮಾರಿ. ಸುಂಟಿಕೊಪ್ಪದ ಮೇಷ್ಟ್ರು ನಾಳೆ ಏನಾದರೂ ಮಾರಲು ಬಂದರೆ ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ.

ಸುಂಟಿಕೊಪ್ಪ_ಮೇಷ್ಟ್ರು
ಮಾರಲು ನನ್ನ ಹತ್ತಿರ ಕೆಂಪು ಪೆನ್ನು ಬಿಟ್ಟು ಏನೂ ಇಲ್ಲ 🙂

ಕಾಫಿಹೂ
ಹಾಳೆ ಕೀಳುವುದಿಲ್ಲ, ಕಳಿಸುವುದೂ ಇಲ್ಲ. ಸ್ಕ್ಯಾನ್ ಎಲ್ಲಿ ಮಾಡಿಸಲಿ? ಪುಸ್ತಕದ ಬೆನ್ನು ಸಡಿಲವಾಗಿದೆ. ಕಕ್ಕಡ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ ಅಂತ ತಮ್ಮ ಈಗ ಲ್ಯಾಮಿನೇಷನ್ ಅನ್ನುತ್ತಿದ್ದಾನೆ.

ಕುಶಾಲನಗರ_ಪ್ರೆಸ್
ಲ್ಯಾಮಿನೇಷನ್ ಬೇಡವೇ ಬೇಡ! ಬಿಸಿಗೆ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಪುಸ್ತಕವನ್ನು ಸ್ಕ್ಯಾನರಿನ ಮೇಲೆ ಒತ್ತಲೂ ಬೇಡಿ. ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವ ಸ್ಟ್ಯಾಂಡ್ ನಮ್ಮಲ್ಲಿದೆ. ಭಾನುವಾರ ಬನ್ನಿ, ಲೆಕ್ಕದ ಪುಸ್ತಕವನ್ನೂ ತನ್ನಿ. ಪುಟ ನೀವೇ ತಿರುಗಿಸಿ, ನಾನು ಮುಟ್ಟುವುದಿಲ್ಲ. ಚಿತ್ರಗಳನ್ನು ನಿಮ್ಮ ಪೆನ್‌ಡ್ರೈವಿಗೆ ಹಾಕಿ ನಮ್ಮ ಕಂಪ್ಯೂಟರಿನಿಂದ ನಿಮ್ಮೆದುರೇ ಅಳಿಸುತ್ತೇನೆ.

ಕಾಫಿಹೂ
ಬರುತ್ತೇನೆ. ಅಮ್ಮನೂ ಬರುತ್ತಾರಂತೆ.

ನಿರ್ವಾಹಕ
ಮಳೆಗಾಲದಲ್ಲಿ ಕಾಗದ ಕಾಪಾಡುವ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಅದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿ ಬರೆಯಿರಿ. ಖಾಸಗಿ ಮೆಸೇಜ್ ಮಾಡಿ ರೇಟು ಕೇಳಿದ ಎರಡು ಖಾತೆಗಳನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ವಿರಾಜಪೇಟೆ_ಹುಡುಗ
ಸೋಮವಾರ ಆಯಿತು. ಉಳಿದ ಸಾವಿರ ಬಂತು. ಅದೇ ಫೋಟೋ ಇನ್ನೊಂದು ಸೈಟಿನಲ್ಲಿ ಕಾಣಿಸಿಕೊಂಡಿದೆ, ಈ ಸಲ ಪತ್ರ ಇಲ್ಲ, ರೇಟು 22,000. ಲಿಂಕನ್ನು ನಿರ್ವಾಹಕರಿಗೆ ಕಳಿಸಿದ್ದೇನೆ.